ಹತ್ತಿರದ ಪತ್ತಾಯ, ದೂರದ ಪತ್ತಾಯ

ಕಂಪ್ಯೂಟರಿನ ಚಿತ್ರ ಬರೆಯಿರಿ ಎಂದರೆ ನಮ್ಮ ಮಕ್ಕಳು ಒಂದು ಚೌಕದಲ್ಲಿ ಪ್ರೊಸೆಸರ್, ಇನ್ನೊಂದರಲ್ಲಿ ಮೆಮೊರಿ ಬರೆದು ನಡುವೆ ಒಂದು ಗೆರೆ ಎಳೆಯುತ್ತಾರೆ. ಶಾಲೆಯ ಮೇಜಿನ ಮೇಲಿರುವ ಯಂತ್ರಕ್ಕೆ ಅಷ್ಟು ಸಾಕು. ದೊಡ್ಡ ಸರ್ವರುಗಳ ಮಟ್ಟಿಗೆ ಮಾತ್ರ ಆ ಚಿತ್ರ ಹಳತಾಗಿ ಬಹಳ ಕಾಲವಾಯಿತು. 2003ರಲ್ಲಿ ಎಎಂಡಿ ಕಂಪನಿ ತನ್ನ ಆಪ್ಟೆರಾನ್ ಪ್ರೊಸೆಸರಿನ ಒಳಗೇ ಮೆಮೊರಿ ನಿಯಂತ್ರಕವನ್ನು ಇಟ್ಟಿತು. 2008ರ ನೆಹಲೆಮ್‌ನಲ್ಲಿ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಈಗ ಒಂದೊಂದು ಪ್ರೊಸೆಸರಿಗೂ ತನ್ನದೇ ಮೆಮೊರಿ. ಈ ಜೋಡಿಗೆ ನೋಡ್ ಎಂದು ಹೆಸರು, ಇಂಥ ವ್ಯವಸ್ಥೆಗೆ ನ್ಯೂಮಾ ಎಂದು.

ಒಂದೇ ಅಂಗಳದಲ್ಲಿ ಅಣ್ಣನ ಮನೆ, ತಮ್ಮನ ಮನೆ, ಎರಡು ಪತ್ತಾಯ. ತಮ್ಮನ ಪತ್ತಾಯದಿಂದಲೂ ಭತ್ತ ತರಬಹುದು, ಆದರೆ ಅಂಗಳ ದಾಟಬೇಕು. ಲಿನಕ್ಸ್ ಕರ್ನಲ್ ಈ ದೂರವನ್ನು ಅಂಕಿಯಲ್ಲಿ ಇಟ್ಟುಕೊಂಡಿರುತ್ತದೆ: ಸ್ವಂತ ನೋಡಿಗೆ 10, ಪಕ್ಕದ್ದಕ್ಕೆ ಹಲವು ಯಂತ್ರಗಳಲ್ಲಿ 20 ಅಥವಾ 21.

ಮೆಮೊರಿ ಬೇಕೆಂದು ಪ್ರೋಗ್ರಾಮು ಕೇಳಿದ ಕೂಡಲೇ ಕರ್ನಲ್ ಅಳೆದು ಕೊಡುವುದಿಲ್ಲ. ಅಲ್ಲಿ ಮೊದಲ ಸಲ ಬರೆಯುವಾಗ ಮಾತ್ರ, ಸಾಮಾನ್ಯವಾಗಿ 4 ಕೆಬಿಯ ಒಂದು ಪುಟವನ್ನು, ಬರೆದ ಪ್ರೊಸೆಸರಿನ ನೋಡಿನಿಂದಲೇ ಕೊಡುತ್ತದೆ. ಅಲ್ಲಿ ಜಾಗವಿಲ್ಲದಿದ್ದರೆ ಹತ್ತಿರದ ಬೇರೆ ನೋಡು. ಬಹುಪಾಲು ಕೆಲಸಗಳಿಗೆ ಇದು ಒಳ್ಳೆಯ ನಿಯಮವೇ. ಆದರೆ ಹತ್ತಿರದ್ದೇ ಬೇಕೆಂಬ ಹಠ ಒಳ್ಳೆಯದಲ್ಲ ಎಂಬುದು ನಮ್ಮ ಅಭಿಪ್ರಾಯ.

ಡೇಟಾಬೇಸುಗಳ ಪಾಡು ನೋಡಿ. ಒಂದೇ ಪ್ರೋಗ್ರಾಮು ಯಂತ್ರದ ಬಹುಪಾಲು ಮೆಮೊರಿಯನ್ನು ಹಿಡಿಯುತ್ತದೆ, ಮೊದಲು ಬರೆದವನ ನೋಡು ತುಂಬುತ್ತದೆ. ಇನ್ನೊಂದರಲ್ಲಿ ಜಾಗವಿದ್ದರೂ ಪುಟಗಳು ಡಿಸ್ಕಿಗೆ ಹೋಗುವುದನ್ನು ಮೈಎಸ್‌ಕ್ಯೂಎಲ್ ವಿಷಯದಲ್ಲಿ ಜೆರೆಮಿ ಕೋಲ್ 2010ರಲ್ಲಿ ವಿವರಿಸಿದ್ದರು. ಇದಕ್ಕೆ ಹತ್ತಿರದ ಇನ್ನೊಂದು ಏರ್ಪಾಡೂ ಕರ್ನಲ್‌ನಲ್ಲಿತ್ತು. ನೋಡುಗಳ ನಡುವಿನ ಅಂಕಿ ದೊಡ್ಡದಿದ್ದರೆ, ಬೇರೆ ನೋಡಿಗೆ ಹೋಗುವ ಮೊದಲು ತನ್ನಲ್ಲಿರುವ ಫೈಲುಗಳ ಪ್ರತಿಯನ್ನು ಕಿತ್ತೆಸೆದು ಜಾಗ ಮಾಡುವುದು! ತಮ್ಮನ ಪತ್ತಾಯ ಅರ್ಧ ಖಾಲಿ, ಅಣ್ಣ ತನ್ನ ಭತ್ತವನ್ನೇ ಹೊರಗೆ ಸುರಿದ ಹಾಗೆ. ಅಂಗಳ ದಾಟುವುದಕ್ಕೂ ಡಿಸ್ಕಿನಿಂದ ಮತ್ತೆ ಓದಿ ತರುವುದಕ್ಕೂ ಹೋಲಿಕೆಯೇ ಇಲ್ಲ. 2014ರಲ್ಲಿ ಇದು ತಾನಾಗಿ ಚಾಲೂ ಆಗುವುದನ್ನು ನಿಲ್ಲಿಸಿದರು. ಸರಿಯಾದ ತೀರ್ಮಾನ, ಸ್ವಲ್ಪ ತಡವಾಯಿತು ಅಷ್ಟೆ.

ಕರ್ನಲ್ ತಾನೇ ಗಮನಿಸಿ, ಯಾವ ಪುಟವನ್ನು ಯಾರು ಬಳಸುತ್ತಾರೋ ಅವರ ಹತ್ತಿರಕ್ಕೆ ಸಾಗಿಸುವ ವ್ಯವಸ್ಥೆ 2013ರ 3.8 ಆವೃತ್ತಿಯಲ್ಲಿ ಬಂತು. ಜಾಣ ಉಪಾಯ. ಆದರೆ ಗಮನಿಸುವುದಕ್ಕೂ ಸಾಗಿಸುವುದಕ್ಕೂ ಸಮಯ ಬೇಕು. ತನ್ನ ಡೇಟಾವನ್ನು ಎಲ್ಲ ಪ್ರೊಸೆಸರುಗಳೂ ಸಮನಾಗಿ ಓದುತ್ತವೆಂದು ಪ್ರೋಗ್ರಾಮು ಬರೆದವರಿಗೆ ಗೊತ್ತಿದ್ದರೆ, ಎಲ್ಲ ನೋಡುಗಳಿಗೂ ಸರದಿಯಂತೆ ಹಂಚು ಎಂದು ಅವರೇ ಹೇಳಬೇಕು. ಹಾಗೆ ಹೇಳುವ ಸವಲತ್ತು ಲಿನಕ್ಸಿನಲ್ಲಿ 2004ರಿಂದಲೇ ಇದೆ.

ನಮ್ಮಲ್ಲಿ ಓದಿದವರು ನಾಳೆ ಸರ್ವರು ನೋಡಿಕೊಳ್ಳುವ ಕೆಲಸಕ್ಕೂ ಹೋಗುತ್ತಾರೆ. ಮೆಮೊರಿ ಅರ್ಧ ಖಾಲಿ ಇದ್ದೂ ಯಂತ್ರ ಏಕೆ ಏದುಸಿರು ಬಿಡುತ್ತದೆ ಎಂಬ ಪ್ರಶ್ನೆ ಅವರ ಮುಂದೆ ಬಂದರೆ, ಎರಡು ಚೌಕದ ಚಿತ್ರದಿಂದ ಉತ್ತರ ಸಿಗದು. ಪ್ಲಸ್ ಟು ಕಂಪ್ಯೂಟರ್ ಪಾಠದಲ್ಲಿ ನಾಲ್ಕು ಚೌಕ ಬರೆಸೋಣ. ನಮ್ಮ ಕಾಸರಗೋಡಿನ ಶಾಲೆಗಳಲ್ಲಿರುವುದು ಲಿನಕ್ಸೇ ತಾನೆ? ನ್ಯೂಮಾ-ಸಿಟಿಎಲ್ ಎಂಬ ಪುಟ್ಟ ತಂತ್ರಾಂಶವನ್ನು ಹಾಕಿಕೊಂಡು ಕೇಳಿದರೆ ನಮ್ಮ ಲ್ಯಾಬಿನ ಯಂತ್ರ ಒಂದೇ ನೋಡು, ಅದರ ಸಂಖ್ಯೆ ಸೊನ್ನೆ ಎನ್ನುತ್ತದೆ. ಎರಡನೆಯದು ಎಲ್ಲಿ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ.