ಪಾಲುದಾರಿಕೆಯ ಲೆಕ್ಕದಲ್ಲಿ ನಾನು ಕಲಿಸದೆ ಬಿಟ್ಟ ಪಾಠ

ಮೂವತ್ತೆರಡು ವರ್ಷಗಳ ಕಾಲ ನಾನು ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿದೆ. ಈ ಬರಹವನ್ನು ಓದುತ್ತಿರುವ ಶಿಷ್ಯರಲ್ಲಿ ಹಲವರಿಗೆ ಪಾಲುದಾರಿಕೆಯ ಲೆಕ್ಕಗಳು ನೆನಪಿರಬಹುದು. ರಾಮನು 6,000 ರೂಪಾಯಿ, ಶ್ಯಾಮನು 4,000 ರೂಪಾಯಿ ಹೂಡಿ ವ್ಯಾಪಾರ ಆರಂಭಿಸಿದರು. ವರ್ಷಾಂತ್ಯದಲ್ಲಿ 2,000 ರೂಪಾಯಿ ಲಾಭ ಬಂದಿತು. ಯಾರ ಪಾಲು ಎಷ್ಟು? ಎಂಟು ತಿಂಗಳ ಬಳಿಕ ಶ್ಯಾಮನು ತನ್ನ ಹಣವನ್ನು ಹಿಂದಕ್ಕೆ ಪಡೆದನು ಎಂಬ ತೊಡಕಿನ ಲೆಕ್ಕವನ್ನೂ ಮಾಡಿಸಿದ್ದೇನೆ. ಆದರೆ ನಡುವೆ ಶ್ಯಾಮನು ತೀರಿಕೊಂಡನು ಎಂಬ ಲೆಕ್ಕವನ್ನು ನಾನೆಂದೂ ಕಪ್ಪುಹಲಗೆಯ ಮೇಲೆ ಬರೆಯಲಿಲ್ಲ. ಪಠ್ಯಪುಸ್ತಕದ ಪಾಲುದಾರರು ಸಾಯುವುದಿಲ್ಲ, ಹಾಸಿಗೆ ಹಿಡಿಯುವುದೂ ಇಲ್ಲ.

ನನ್ನಲ್ಲಿ ಓದಿದ ಇಬ್ಬರು ಹುಡುಗರು, ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಕಂಪಾಸ್ ಪೆಟ್ಟಿಗೆಯನ್ನು ಹಂಚಿಕೊಂಡವರು, 1998ರಲ್ಲಿ ಸೇರಿ ಒಂದು ಮುದ್ರಣಾಲಯವನ್ನು ತೆರೆದರು. ಪೂಜೆಯ ದಿನ ನನ್ನನ್ನೂ ಕರೆದಿದ್ದರು. ಅಂದು ಅವರ ಆಡಿಟರು, “ಸಂಸ್ಥೆಯ ಖರ್ಚಿನಲ್ಲಿ ಇಬ್ಬರ ಮೇಲೂ ಜೀವವಿಮೆ ಮಾಡಿಸಿರಿ. ಒಬ್ಬರಿಗೆ ಏನಾದರೂ ಆದರೆ ಅವರ ಪಾಲು ಹೇಗೆ ತೀರಬೇಕೆಂಬುದನ್ನು ಪಾಲುದಾರಿಕೆ ಪತ್ರದಲ್ಲಿ ಬರೆಯಿಸಿರಿ” ಎಂದರು. ಹುಡುಗರು ನನ್ನ ಮುಖ ನೋಡಿದರು. “ಏನು ಮಾಡೋಣ ಮೇಷ್ಟ್ರೇ?”

“ಶುಭ ಗಳಿಗೆಯಲ್ಲಿ ಸಾವಿನ ಮಾತೇಕಪ್ಪ? ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ” ಎಂದೆ. ಎಲ್ಲರೂ ನಕ್ಕರು. ಆಡಿಟರು ಸುಮ್ಮನಾದರು. ಆ ಮಾತು ಅಲ್ಲಿಗೇ ನಿಂತಿತು.

2011ರಲ್ಲಿ, ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು ಹೃದಯಾಘಾತದಿಂದ ತೀರಿಕೊಂಡನು. ವಯಸ್ಸು ನಲವತ್ತು. ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದವನು ಒಡಹುಟ್ಟಿದವನನ್ನೇ ಕಳೆದುಕೊಂಡಂತೆ ಅತ್ತನು. ಮೂರು ತಿಂಗಳು ಕಳೆದ ಮೇಲೆ ಪಾಲಿನ ಪ್ರಶ್ನೆ ಎದ್ದಿತು. ಸಾಲವನ್ನು ಕಳೆದು ಮುದ್ರಣಾಲಯದ ಬೆಲೆ ಸುಮಾರು 40 ಲಕ್ಷ ರೂಪಾಯಿ ಎಂದಾಯಿತು. ಅದರಲ್ಲಿ ಅರ್ಧ, ಎಂದರೆ 20 ಲಕ್ಷ, ಹೋದವನ ಮನೆಯವರದು. ಆದರೆ ಆ ಬೆಲೆಯೆಲ್ಲ ಯಂತ್ರಗಳಲ್ಲಿ, ಕಾಗದದ ದಾಸ್ತಾನಿನಲ್ಲಿ, ವಸೂಲಾಗಬೇಕಾದ ಬಾಕಿಯಲ್ಲಿ ಅಡಗಿತ್ತು. ಕೈಯಲ್ಲಿ ನಗದು ಇರಲಿಲ್ಲ.

ನಾನೇ ಪಂಚನಾಗಿ ಅವರ ನಡುವೆ ಕುಳಿತೆ. “ಅತ್ತಿಗೆ, ತಿಂಗಳು ತಿಂಗಳು ಕೊಟ್ಟು ತೀರಿಸುತ್ತೇನೆ” ಎಂದು ಇವನು, “ಇಬ್ಬರು ಹೆಣ್ಣುಮಕ್ಕಳ ಓದು ತಿಂಗಳ ಬಿಡಿ ಹಣದಿಂದ ಆಗುತ್ತದೆಯೇ?” ಎಂದು ಆಕೆ. ಇಬ್ಬರ ಮಾತೂ ನ್ಯಾಯವಾದದ್ದೇ. ದುಃಖವೆಂದರೆ ಅದೇ. ಒಬ್ಬರು ಮೋಸಗಾರರಾಗಿದ್ದರೆ ತೀರ್ಪು ಹೇಳುವುದು ಸುಲಭವಾಗುತ್ತಿತ್ತು. ಕೊನೆಗೆ ಯಂತ್ರಗಳು ಅಗ್ಗದ ಬೆಲೆಗೆ ಮಾರಾಟವಾದವು. ಆರು ಮಂದಿ ಕೆಲಸಗಾರರು ಬೇರೆಡೆ ದುಡಿಮೆ ಹುಡುಕಿಕೊಂಡರು. ಎರಡು ಮನೆಗಳ ನಡುವೆ ಇಂದಿಗೂ ಮಾತಿಲ್ಲ. ನನ್ನನ್ನು ಯಾರೂ ದೂರಲಿಲ್ಲ. ಅದು ಅವರ ದೊಡ್ಡತನ.

ಆ ಬಳಿಕ ನಾನು 1932ರ ಭಾರತೀಯ ಪಾಲುದಾರಿಕೆ ಅಧಿನಿಯಮವನ್ನು ತರಿಸಿ ಓದಿದೆ. ಪಾಲುದಾರರ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ, ಒಬ್ಬ ಪಾಲುದಾರನ ಮರಣದಿಂದ ಪಾಲುದಾರಿಕೆಯೇ ವಿಸರ್ಜನೆಯಾಗುತ್ತದೆ ಎನ್ನುತ್ತದೆ ಅದರ 42ನೆಯ ಕಲಮು. ಮೂವರು ಅಥವಾ ಹೆಚ್ಚು ಮಂದಿ ಇದ್ದರೆ, ಉಳಿದವರು ಮುಂದುವರಿಯಬಹುದೆಂದು ಪತ್ರದಲ್ಲಿ ಬರೆದುಕೊಳ್ಳಬಹುದು. ಇಬ್ಬರೇ ಇದ್ದಲ್ಲಿ ಉಳಿಯುವವನು ಒಬ್ಬನೇ. ಒಬ್ಬನಿಂದ ಪಾಲುದಾರಿಕೆ ಆಗದು. ಲೆಕ್ಕ ತೀರಿಸದೆ ವ್ಯಾಪಾರವನ್ನು ಮುಂದುವರಿಸಿದರೆ, ಮೃತನ ವಾರಸುದಾರರು ಅವನ ಪಾಲಿನಿಂದ ಬಂದ ಲಾಭವನ್ನಾಗಲಿ, ಅಥವಾ ಆ ಪಾಲಿನ ಮೊತ್ತಕ್ಕೆ ವರ್ಷಕ್ಕೆ ಶೇಕಡ 6ರ ಬಡ್ಡಿಯನ್ನಾಗಲಿ ಕೇಳಬಹುದೆಂದು 37ನೆಯ ಕಲಮು ಹೇಳುತ್ತದೆ. ಕಾನೂನು ಹಕ್ಕನ್ನು ತಿಳಿಸುತ್ತದೆ, ಹಣವನ್ನು ಒದಗಿಸುವುದಿಲ್ಲ. ಹಣವನ್ನು ಒದಗಿಸುವುದು ವಿಮೆ.

ಅದರ ಕ್ರಮ ಸರಳವಾಗಿದೆ. ಪ್ರತಿಯೊಬ್ಬ ಪಾಲುದಾರನ ಜೀವದ ಮೇಲೆ, ಅವನ ಪಾಲಿನ ಬೆಲೆಗೆ ಹೊಂದುವಷ್ಟು ಮೊತ್ತಕ್ಕೆ, ಸಂಸ್ಥೆಯೇ ಪಾಲಿಸಿ ಪಡೆದು ಕಂತು ಕಟ್ಟುತ್ತದೆ. ವಿಮಾ ಕಂಪನಿಯವರು ಸಂಸ್ಥೆಯ ಹಿಂದಿನ ವರ್ಷಗಳ ಲೆಕ್ಕಪತ್ರಗಳನ್ನು ನೋಡಿ ಮೊತ್ತವನ್ನು ಒಪ್ಪುತ್ತಾರೆ. ಒಬ್ಬನು ತೀರಿಕೊಂಡರೆ ಬರುವ ಹಣ ಅವನ ಮನೆಯವರಿಗೆ ಪಾಲಿನ ಬೆಲೆಯಾಗಿ ಸಲ್ಲುತ್ತದೆ. ವ್ಯಾಪಾರ ಉಳಿದವನ ಕೈಯಲ್ಲಿ ಉಳಿಯುತ್ತದೆ. ಆದರೆ ಪಾಲಿಸಿಯೊಂದೇ ಸಾಲದು. ಪಾಲಿಗೆ ಬೆಲೆ ಕಟ್ಟುವ ವಿಧಾನ ಯಾವುದು, ವಿಮೆಯ ಹಣ ಎಷ್ಟು ದಿನಗಳೊಳಗೆ ಯಾರಿಗೆ ಸೇರಬೇಕು, ಬೆಲೆ ವಿಮೆಗಿಂತ ಹೆಚ್ಚಾದರೆ ಉಳಿದದ್ದನ್ನು ಹೇಗೆ ಕೊಡಬೇಕು, ಇವೆಲ್ಲ ಪಾಲುದಾರಿಕೆ ಪತ್ರದಲ್ಲಿ ಇರಬೇಕು. ಪತ್ರವಿಲ್ಲದಿದ್ದರೆ ವಿಮೆಯ ಹಣವೇ ಹೊಸ ವ್ಯಾಜ್ಯಕ್ಕೆ ಕಾರಣವಾದೀತು. ವ್ಯಾಪಾರ ಬೆಳೆದಂತೆ ಮೊತ್ತವನ್ನೂ ಮರುಪರಿಶೀಲಿಸಬೇಕು.

ಇದನ್ನು ಹೇಳಿದಾಗ ಕೇಳಿಬರುವ ಆಕ್ಷೇಪಗಳು ಮೂರು. ಮೊದಲನೆಯದು, “ಮನೆಯಲ್ಲಿ ನನ್ನ ಹೆಸರಿನ ಪಾಲಿಸಿ ಇದೆಯಲ್ಲ” ಎಂಬುದು. ಅದು ಹೆಂಡತಿ ಮಕ್ಕಳಿಗೆ ಸೇರುತ್ತದೆ, ಸೇರಬೇಕಾದದ್ದೇ. ಆದರೆ ಅದರಿಂದ ಸಂಸ್ಥೆ ಅವರಿಗೆ ಕೊಡಬೇಕಾದ ಪಾಲು ತೀರುವುದಿಲ್ಲ. ಎರಡನೆಯದು ಖರ್ಚು. ಬದುಕಿದ್ದರೆ ಏನೂ ಹಿಂದಿರುಗದ ಟರ್ಮ್ ಪಾಲಿಸಿಯ ಕಂತು ಕಡಿಮೆ ಇರುತ್ತದೆ. ಅಂಗಡಿಗೆ ಬೆಂಕಿಯ ವಿಮೆ ಮಾಡಿಸಿದವನು ಬೆಂಕಿ ಬೀಳಲಿಲ್ಲವೆಂದು ಕಂತಿನ ಹಣಕ್ಕಾಗಿ ಮರುಗುವುದಿಲ್ಲ. ಮೂರನೆಯದು, “ನಮ್ಮಿಬ್ಬರಲ್ಲಿ ಅಷ್ಟು ನಂಬಿಕೆ ಇದೆ” ಎಂಬುದು. ನನ್ನ ಹುಡುಗರಲ್ಲಿಯೂ ಇತ್ತು. ಆದರೆ ನಂಬಿಕೆ ಇದ್ದದ್ದು ಅವರಿಬ್ಬರ ನಡುವೆ. ಒಬ್ಬನು ಹೋದ ಮೇಲೆ ಲೆಕ್ಕ ಕೇಳಲು ಬಂದವರು ಆ ಬೆಂಚಿನಲ್ಲಿ ಕುಳಿತವರಲ್ಲ.

ಸಾವಿಗಿಂತಲೂ ದೀರ್ಘ ಕಾಯಿಲೆ ಕಠಿಣವಾದ ಪರೀಕ್ಷೆ. ಪಾರ್ಶ್ವವಾಯುವಿನಿಂದಲೋ ಕ್ಯಾನ್ಸರಿನಿಂದಲೋ ಒಬ್ಬನು ಮಲಗಿದರೆ ಇನ್ನೊಬ್ಬನು ಇಬ್ಬರ ಕೆಲಸ ಮಾಡಿ ಅರ್ಧ ಲಾಭವನ್ನು ಕೊಡುತ್ತಾನೆ. ಮೊದಲ ವರ್ಷ ಪ್ರೀತಿಯಿಂದ, ಎರಡನೆಯ ವರ್ಷ ಕರ್ತವ್ಯವೆಂದು, ಮೂರನೆಯ ವರ್ಷ ಗೊಣಗುತ್ತ. ಶಾಶ್ವತವಾಗಿ ಅಶಕ್ತನಾದರೆ ನ್ಯಾಯಾಲಯದ ಮೂಲಕ ವಿಸರ್ಜನೆ ಕೋರಬಹುದು. ಆದರೆ ಹಾಸಿಗೆಯಲ್ಲಿರುವ ಗೆಳೆಯನ ಮೇಲೆ ದಾವೆ ಹೂಡುವ ಸ್ಥಿತಿ ಯಾರಿಗೂ ಬಾರದಿರಲಿ. ಎಷ್ಟು ತಿಂಗಳವರೆಗೆ ಪೂರ್ಣ ಪಾಲು, ಆಮೇಲೆ ಎಷ್ಟು, ಯಾವಾಗ ಪಾಲನ್ನು ಕೊಂಡುಕೊಳ್ಳಬೇಕು ಎಂಬುದನ್ನು ಆರೋಗ್ಯವಿರುವಾಗಲೇ ಬರೆದಿಡಬೇಕು. ಗಂಭೀರ ಕಾಯಿಲೆಯ ವಿಮೆಯ ನಿಬಂಧನೆಗಳನ್ನು ಓದಿಯೇ ಸಹಿ ಹಾಕಬೇಕು. ಪಾಲಿಸಿಯಲ್ಲಿ ಹೆಸರಿಸಿದ ಕಾಯಿಲೆಗಳಿಗೆ ಮಾತ್ರ ಹಣ ಬರುತ್ತದೆ. ಪಾಲಿಸಿ ಪಡೆದ ಆರಂಭದ ದಿನಗಳಲ್ಲಿ ತೋರಿದ ಕಾಯಿಲೆಗೆ ಸಾಮಾನ್ಯವಾಗಿ ಬರುವುದಿಲ್ಲ. ಕಾಯಿಲೆ ಪತ್ತೆಯಾದ ಮೇಲೆ ಇಂತಿಷ್ಟು ದಿನ ಬದುಕಿರಬೇಕೆಂಬ ಷರತ್ತೂ ಅನೇಕ ಪಾಲಿಸಿಗಳಲ್ಲಿ ಉಂಟು.

ಅರ್ಜಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪಿನ ಚಟ ಯಾವುದನ್ನೂ ಮುಚ್ಚಿಡಬೇಡಿರಿ. 1938ರ ವಿಮಾ ಅಧಿನಿಯಮದ 45ನೆಯ ಕಲಮಿನ ಪ್ರಕಾರ ಮೊದಲ ಮೂರು ವರ್ಷಗಳೊಳಗೆ, ಮುಖ್ಯ ಸಂಗತಿಯನ್ನು ಮರೆಮಾಚಿದ ಕಾರಣಕ್ಕೆ, ಕಂಪನಿ ಪಾಲಿಸಿಯನ್ನು ಪ್ರಶ್ನಿಸಬಹುದು. ಮೂರು ವರ್ಷ ಕಳೆದರೆ ಪ್ರಶ್ನಿಸುವಂತಿಲ್ಲ. ಆದರೆ ಸಾವು ಮೂರು ವರ್ಷ ಕಾಯುತ್ತದೆಂದು ಯಾರು ಹೇಳಬಲ್ಲರು?

ಸಾವಿನ ಮಾತನಾಡಿದರೆ ಸಾವು ಬರುತ್ತದೆಂಬ ಭಯ ನಮ್ಮಲ್ಲಿ ಆಳವಾಗಿದೆ. ಅಂದು ನಾವು ಯಾರೂ ಆ ಮಾತನ್ನಾಡಲಿಲ್ಲ. ಆದರೂ ಅದು ಬಂದಿತು. ನಿಮ್ಮಲ್ಲಿ ಅನೇಕರು ಇಂದು ಅಂಗಡಿ, ಕಾರ್ಖಾನೆ, ಔಷಧಾಲಯಗಳನ್ನು ಗೆಳೆಯರೊಡನೆ ನಡೆಸುತ್ತಿದ್ದೀರಿ. ಈ ವಾರ ಪಾಲುದಾರಿಕೆ ಪತ್ರವನ್ನು ಹೊರತೆಗೆದು ಓದಿರಿ. ಇಬ್ಬರ ಮನೆಯವರನ್ನೂ ಕೂರಿಸಿಕೊಂಡು ಮಾತನಾಡಿರಿ. ಹೊಸದಾಗಿ ಆರಂಭಿಸುವವರು ಪೂಜೆಗೆ ನನ್ನನ್ನು ಕರೆದರೆ ಸಂತೋಷದಿಂದ ಬರುತ್ತೇನೆ. ಮಂಗಳಾರತಿಗೆ ಮೊದಲು ವಿಮೆ ಮಾಡಿಸಿದ್ದೀರಾ ಎಂದು ಕೇಳುತ್ತೇನೆ. ಅಶುಭ ನುಡಿದನೆಂದು ಬೇಸರಿಸಬೇಡಿರಿ.