ಪ್ರೆಮ್ಯುನೈರೆ ಶಾಸನ: ರಕ್ಷೆಯೋ, ಶಿಕ್ಷೆಯೋ?

ಆಂಗ್ಲರ ರಾಜ್ಯವ್ಯವಸ್ಥೆಯನ್ನು ಕೊಂಡಾಡುವವರು 'ಪ್ರೆಮ್ಯುನೈರೆ' ಎಂಬ ಹಳೆಯ ಶಾಸನಗಳನ್ನು ಅಭಿಮಾನದಿಂದ ಸ್ಮರಿಸುವುದುಂಟು. ರೋಮಿನ ಪೋಪನೆಂಬ ಪರದೇಶದ ಧರ್ಮಗುರುವಿನ ಕೈಯಿಂದ ಇಂಗ್ಲೆಂಡಿನ ನ್ಯಾಯಪೀಠವನ್ನು ಕಾಪಾಡಿದ ಕೋಟೆಯೇ ಅವು ಎಂಬುದು ಅವರ ವಾದ. ಕೋಟೆಯೇನೋ ಹೌದು; ಆದರೆ ಅದರ ಬೀಗದ ಕೈ ಯಾರ ಬಳಿಯಲ್ಲಿತ್ತೆಂಬುದನ್ನು ಅವರು ವಿಚಾರಿಸಿದಂತೆ ತೋರುವುದಿಲ್ಲ.

ಶಾಸನವು ಹುಟ್ಟಿದಾಗ ಅದಕ್ಕೆ ನ್ಯಾಯವಾದ ಕಾರಣವಿದ್ದಿತೆಂಬುದನ್ನು ಒಪ್ಪಲೇಬೇಕು. ಆಗ ಪೋಪರು ಆವಿನ್ಯೋನ್ ನಗರದಲ್ಲಿ, ಫ್ರಾನ್ಸಿನ ಅರಸರ ನೆರಳಿನಲ್ಲಿ ವಾಸವಾಗಿದ್ದರು. ಇಂಗ್ಲೆಂಡಿಗೋ ಫ್ರಾನ್ಸಿನೊಡನೆ ಯುದ್ಧ. ರಾಜನ ನ್ಯಾಯಸ್ಥಾನಕ್ಕೆ ಸೇರಿದ ವ್ಯಾಜ್ಯವನ್ನು ಹೊರದೇಶಕ್ಕೆ ಒಯ್ದವನು ಎರಡು ತಿಂಗಳೊಳಗೆ ಬಂದು ಉತ್ತರಕೊಡದಿದ್ದರೆ ರಾಜರಕ್ಷಣೆಗೆ ಹೊರಗಾಗುವನು, ಆಸ್ತಿಯನ್ನು ಕಳೆದುಕೊಂಡು ಸೆರೆಮನೆ ಸೇರುವನು ಎಂದು ಮೂರನೆಯ ಎಡ್ವರ್ಡನ ಕಾಲದಲ್ಲಿ, 1353ರಲ್ಲಿ ವಿಧಿಸಲಾಯಿತು. 1393ರ ಶಾಸನವು 'ರೋಮಿನ ಆಸ್ಥಾನದಲ್ಲಾಗಲಿ ಬೇರೆಡೆಯಲ್ಲಾಗಲಿ' ಎಂದು ಅದನ್ನು ವಿಸ್ತರಿಸಿತು. ಅನರ್ಥಕ್ಕೆ ಬೀಜವು ಈ 'ಬೇರೆಡೆ' ಎಂಬ ಮಾತೇ. ಇಂಗ್ಲೆಂಡಿನ ಬಿಷಪ್ಪರ ನ್ಯಾಯಸ್ಥಾನಗಳೂ ಆ 'ಬೇರೆಡೆ'ಯೊಳಗೆ ಸೇರುತ್ತವೆಂದು ಮುಂದೆ ವಕೀಲರು ಅರ್ಥಮಾಡಿದರು. ಪರದೇಶದ ಮೇಲೆ ಹೂಡಿದ ಬಾಣವು ಸ್ವದೇಶದ ಕಡೆಗೆ ತಿರುಗಿತು.

ಎಂಟನೆಯ ಹೆನ್ರಿಯ ಕಾಲಕ್ಕೆ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಮಂತ್ರಿಯಾದ ಕಾರ್ಡಿನಲ್ ವುಲ್ಸಿಯು 1518ರಲ್ಲಿ ಪೋಪನ ಪ್ರತಿನಿಧಿಯಾದುದು ರಾಜನ ಇಚ್ಛೆಯಿಂದಲೇ. ಹನ್ನೊಂದು ವರ್ಷ ರಾಜನ ಕಣ್ಣೆದುರಿಗೇ ಆ ಅಧಿಕಾರವನ್ನು ನಡೆಸಿದನು. ರಾಜನಿಗೆ ಬೇಕಾಗಿದ್ದ ವಿವಾಹವಿಚ್ಛೇದವನ್ನು ದೊರಕಿಸಿಕೊಡಲಾರದೆ ಹೋದಮೇಲೆ, 1529ರಲ್ಲಿ ಅದೇ ಅಧಿಕಾರವು ಅಪರಾಧವೆನಿಸಿತು! 1531ರಲ್ಲಿ ಇಡಿಯ ಪಾದ್ರಿವರ್ಗವೇ ಇದೇ ಬಲೆಗೆ ಬಿದ್ದಿತು. ಕ್ಷಮೆಯ ಬೆಲೆಯಾಗಿ ಕ್ಯಾಂಟರ್ಬರಿ ಪ್ರಾಂತದವರು 1,00,000 ಪೌಂಡುಗಳನ್ನೂ ಯಾರ್ಕ್ ಪ್ರಾಂತದವರು 18,840 ಪೌಂಡುಗಳನ್ನೂ ತೆರಲು ಒಪ್ಪಬೇಕಾಯಿತು. ತಾನೇ ಸಮ್ಮತಿಸಿದ ಕಾರ್ಯಕ್ಕೆ ತಾನೇ ದಂಡ ವಿಧಿಸುವುದು ನ್ಯಾಯವೆನಿಸುವುದಾದರೆ ಸುಲಿಗೆಗೆ ಬೇರೆ ಹೆಸರು ಬೇಕಾಗಿಲ್ಲ.

ಇವರಾದರೂ ಪೋಪನ ಮಾತನ್ನು ಮನ್ನಿಸಿದವರು ಎನ್ನಬಹುದು. ಮಾರ್ಗರೆಟ್ ಫೆಲ್ ಎಂಬ ವಿಧವೆಯ ಪಾಡೇನು? ಆಕೆ ಕ್ವೇಕರ್ ಪಂಥದವಳು. ಪೋಪನ ನೆರಳನ್ನೂ ಒಪ್ಪದವಳು. ಆಣೆಯಿಡುವುದನ್ನೇ ಕ್ರಿಸ್ತನು ನಿಷೇಧಿಸಿರುವನೆಂಬ ನಂಬಿಕೆಯಿಂದ ಆಕೆ ರಾಜನಿಷ್ಠೆಯ ಪ್ರಮಾಣವಚನವನ್ನು ನಿರಾಕರಿಸಿದಳು. ಆ ಪ್ರಮಾಣವು 1606ರಲ್ಲಿ ಪೋಪನ ಅನುಯಾಯಿಗಳನ್ನು ಕುರಿತು ವಿಧಿಸಿದುದು. ಆದರೂ 1664ರಲ್ಲಿ ಲ್ಯಾಂಕಾಸ್ಟರಿನಲ್ಲಿ ಆಕೆಗೆ ಪ್ರೆಮ್ಯುನೈರೆಯ ಶಿಕ್ಷೆಯಾಯಿತು. 1668ರ ವರೆಗೆ ಆಕೆ ಸೆರೆಯಲ್ಲಿದ್ದಳು.

ಹಾಗಾದರೆ ರಾಜ್ಯವು ಪರಾಧಿಕಾರವನ್ನು ಸಹಿಸಿಕೊಂಡಿರಬೇಕೇ ಎಂದು ಪ್ರತಿವಾದಿಗಳು ಕೇಳುವರು. ಹಾಗೆಂದು ಯಾರೂ ಹೇಳುವುದಿಲ್ಲ. ಅಪರಾಧವು ಇಂಥದೆಂದು ಮೊದಲೇ ಸ್ಪಷ್ಟವಾಗಿರಲಿ, ಕೃತ್ಯವು ಸಾಕ್ಷ್ಯದಿಂದ ಸಿದ್ಧವಾಗಲಿ, ಅನಂತರ ಶಿಕ್ಷೆ. ಶಿಕ್ಷೆ ಮಾತ್ರ ಸ್ಪಷ್ಟವಾಗಿದ್ದು ಅಪರಾಧವು ಆಳುವವನ ಚಿತ್ತದಂತೆ ಬದಲಾಗುವುದಾದರೆ ಅದು ಶಾಸನವಲ್ಲ, ಒರೆಯಲ್ಲಿಟ್ಟ ಕತ್ತಿ. ಇಂಗ್ಲೆಂಡು ಆ ಕತ್ತಿಯನ್ನು ಪೂರ್ಣವಾಗಿ ಕೆಳಗಿಟ್ಟದ್ದು 1967ರಲ್ಲಿ. ಆರುನೂರು ವರ್ಷಗಳ ಈ ಕಥೆಯನ್ನು ಸ್ವಾತಂತ್ರ್ಯದ ಅಧ್ಯಾಯವೆಂದು ಮಕ್ಕಳಿಗೆ ಬೋಧಿಸುವವರು, ವುಲ್ಸಿಯ ಪಕ್ಕದಲ್ಲಿ ಆ ವಿಧವೆಯ ಹೆಸರನ್ನೂ ಬರೆಯಲಿ.