ಬಾಕ್ಸಿನ ಮೇಲಿನ ಅಂಕಿ, ಜೇಬಿನ ಲೆಕ್ಕ



ಚವತಿ, ದೀಪಾವಳಿ ಬಂದರೆ ವಾಸ್ಕೊ, ಮಡಗಾಂವ್, ಕಾರವಾರದ ಅಂಗಡಿಗಳ ತುಂಬ ಮೊಬೈಲ್ ಆಫರ್. ಯಾವುದು ವೇಗ, ಯಾವುದು ಅಗ್ಗ ಎಂಬ ವಾದ ನಮ್ಮ ಯುವಕರಲ್ಲಿ ಜೋರು. ಕೂಲಿ ದುಡ್ಡಿನಲ್ಲಿ ಕಂತು ಕಟ್ಟುವ ಮನೆಗಳಿಗೆ ಇದು ಬರೀ ವಾದವಲ್ಲ.

ಮೊದಲು ಬೆಲೆ. 2020ರ ಏಪ್ರಿಲ್ 1ರಿಂದ ಮೊಬೈಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಟಿವಿ, ಎ.ಸಿ. ತೆರಿಗೆ ಶೇ 28ರಿಂದ 18ಕ್ಕೆ ಇಳಿದರೂ ಮೊಬೈಲಿನದು ಇಳಿಯಲಿಲ್ಲ. 11,800 ರೂಪಾಯಿಯ ಫೋನಿನಲ್ಲಿ 1,800 ತೆರಿಗೆಯೇ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ತಯಾರಾದರೂ ಕೊಳ್ಳುವ ನಮಗೆ ಅದೇ ತೆರಿಗೆ.

ಇನ್ನು ಪ್ರಚಾರ. ‘8+8 ಜಿಬಿ ರ‍್ಯಾಮ್’ ಎಂದರೆ 16 ಅಲ್ಲ. ಎರಡನೇ 8 ಸ್ಟೋರೇಜ್‌ನಿಂದ ಎರವಲು ಪಡೆದದ್ದು, ನಿಜವಾದ ರ‍್ಯಾಮಿಗಿಂತ ಬಹಳ ನಿಧಾನ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಒಂದುಗೂಡಿಸಿ 12.5ರ ಚಿತ್ರ ಕೊಡುತ್ತದೆ.

‘ಬಡ್ಡಿಯಿಲ್ಲದ ಕಂತು’ ಇನ್ನೊಂದು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಈಗ ಬಡ್ಡಿಯಷ್ಟೇ ರಿಯಾಯಿತಿ ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಾದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಮ್ಮ ತಲೆಗೇ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದೂ ಸೇರಿತು.

ನಮ್ಮ ಸಲಹೆ ಇಷ್ಟು: ನಿಜವಾದ ರ‍್ಯಾಮ್ ಎಷ್ಟು, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ, ಎಲ್ಲ ಕಂತು ಸೇರಿ ಮೊತ್ತವೆಷ್ಟು ಎಂದು ಕೇಳಿ, ಬಿಲ್ ಪಡೆಯಿರಿ. ಐಎಸ್ 16333 ಮಾನದಂಡದಂತೆ ಭಾರತದಲ್ಲಿ ಮಾರುವ ಫೋನಿನಲ್ಲಿ ಕನ್ನಡ ಓದಲು ಬರಲೇಬೇಕು. ಬರೆಯಲೂ ಬರುತ್ತದೆಯೇ ಎಂದು ಅಂಗಡಿಯಲ್ಲೇ ಟೈಪ್ ಮಾಡಿ ನೋಡಿ.